ಹೊಟ್ಟೆಯಲ್ಲೇ ಆಮ್ಲಜನಕ ಕಡಿಮೆಯಾದ ಮಗುವಿನ ಮೆದುಳು ಉಳಿಸೋಕೆ ಔಷಧಿ ಇದೆಯಾ? ದಾವಣಗೆರೆ, ಚಿತ್ರದುರ್ಗದವರು ದಯವಿಟ್ಟು ಹೇಳಿ

ಜಗಳೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡ ಮಗನಿಗೆ ಸಿಪಿ (ಸೆರೆಬ್ರಲ್ ಪಾಲ್ಸಿ, ಮೆದುಳಿನ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಬಾರದ ತೊಂದರೆ) ಇದೆ. ದಿನ ತುಂಬಿಯೇ ಹುಟ್ಟಿದ, ಆದರೆ ಅಳಲಿಲ್ಲ. ಮೈ ನೀಲಿಯಾಗಿತ್ತು. ಮರುದಿನ ಫಿಟ್ಸ್ ಬಂತು. ಹೊಟ್ಟೆಯಲ್ಲಿದ್ದಾಗಲೇ ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾಗಿದೆ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದಾರೆ. ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತದೆ.

ನಾನೀಗ ಮತ್ತೆ ಗರ್ಭಿಣಿ, ಐದನೇ ತಿಂಗಳು. ಹೆರಿಗೆಗೆ ಮುಂಚೆ ತಾಯಿಗೆ ಒಂದು ಇಂಜೆಕ್ಷನ್ ಕೊಟ್ಟರೆ ಮಗುವಿನ ಮೆದುಳು ಸೇಫ್ ಅಂತ ನಮ್ಮ ಸಂಬಂಧಿಕರೊಬ್ಬರು ಹೇಳುತ್ತಾರೆ. ಮಗು ಹುಟ್ಟಿದ ಮೇಲೆ ಮೈ ತಣ್ಣಗೆ ಮಾಡುವ ಮೆಷಿನ್ ಇದೆ ಅಂತ ಇನ್ನೊಬ್ಬರು. ರಕ್ತ ಹೆಚ್ಚಿಸುವ ಇಂಜೆಕ್ಷನ್ನೇ ಮೆದುಳಿಗೂ ಆಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಇದರಲ್ಲಿ ಯಾವುದು ನಿಜ? ಯಾವುದು ನಮ್ಮ ಕಡೆ ಸಿಗುತ್ತದೆ? ದೊಡ್ಡ ಮಗನಿಗೆ ತಿಂಗಳು ತಿಂಗಳು ಮೆದುಳಿನ ಟಾನಿಕ್ ತರುತ್ತಿದ್ದೇವೆ, ಅದರಿಂದ ಉಪಯೋಗ ಇದೆಯಾ?

ಹೆದರಿಸಬೇಡಿ, ಆದರೆ ಸುಮ್ನೆ ಸಮಾಧಾನಕ್ಕೂ ಹೇಳಬೇಡಿ. ನಿಜ ಏನಿದೆಯೋ ಅದನ್ನು ಹೇಳಿ.

ಮಕ್ಕಳ ಡಾಕ್ಟರ್, ದಾವಣಗೆರೆ

ನಿಮ್ಮ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ. ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದುಕೊಂಡರೆ ಯಾವ ಔಷಧಿ ಯಾಕೆ ಬಂತು, ಯಾವುದು ಯಾಕೆ ಸೋತಿತು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಹೊಕ್ಕುಳಬಳ್ಳಿ ಒತ್ತಿಕೊಂಡಾಗ, ಕಸ (ಮಾಸು) ಮುಂಚೆಯೇ ಬಿಟ್ಟುಕೊಂಡಾಗ, ಗರ್ಭಕೋಶ ಹರಿದಾಗ, ನೋವು ಬಿಡುವಿಲ್ಲದೆ ಬಂದಾಗ ಮಗುವಿಗೆ ರಕ್ತ, ಆಮ್ಲಜನಕ ಎರಡೂ ಕಡಿಮೆಯಾಗುತ್ತವೆ. ಮೆದುಳಿನ ಕೋಶಗಳಿಗೆ ಶಕ್ತಿ ಸಾಲುವುದಿಲ್ಲ. ಇದು ಮೊದಲ ಪೆಟ್ಟು. ಮಗು ಹುಟ್ಟಿ, ಉಸಿರಾಟ ಶುರುವಾಗಿ, ರಕ್ತ ಮತ್ತೆ ಹರಿದಾಗ ಕೋಶಗಳು ಸ್ವಲ್ಪ ಹೊತ್ತು ಚೇತರಿಸಿಕೊಂಡಂತೆ ಕಾಣುತ್ತವೆ. ಆಮೇಲೆ, ಸುಮಾರು 6 ಗಂಟೆ ಕಳೆದ ನಂತರ, ಎರಡನೇ ಪೆಟ್ಟು ಶುರುವಾಗುತ್ತದೆ. ಮೂರು ದಿನದವರೆಗೂ ನಡೆಯಬಹುದು. ನಿಮ್ಮ ಮಗನಿಗೆ ಮರುದಿನ ಫಿಟ್ಸ್ ಬಂದಿದ್ದು ಆ ಹೊತ್ತಿನಲ್ಲೇ.

ನಮ್ಮ ಕಡೆ ಹೋದ ಕರೆಂಟ್ ದಿಢೀರ್ ಅಂತ ವಾಪಸ್ ಬಂದಾಗ ಬೋರ್‌ವೆಲ್ ಮೋಟಾರ್ ಸುಡುತ್ತದಲ್ಲ, ಸುಮಾರು ಹಾಗೆಯೇ. ಶಕ್ತಿ ಇಲ್ಲದ ಕೋಶಗಳು ಗ್ಲುಟಮೇಟ್ ಅನ್ನೋ ರಾಸಾಯನಿಕವನ್ನು ವಿಪರೀತ ಸುರಿಸುತ್ತವೆ. ಅದು ಪಕ್ಕದ ಕೋಶಗಳ ಬಾಗಿಲು ತೆರೆಸುತ್ತದೆ, ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಆಮ್ಲಜನಕ ವಾಪಸ್ ಬಂದಾಗ ಫ್ರೀ ರ‍್ಯಾಡಿಕಲ್‌ಗಳು ಹುಟ್ಟಿ ಕೋಶದ ಗೋಡೆಗಳನ್ನು ಕೆಡಿಸುತ್ತವೆ. ಉರಿಯೂತ ಸೇರಿಕೊಳ್ಳುತ್ತದೆ. ಕೊನೆಗೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ.

ಎರಡು ಪೆಟ್ಟಿನ ನಡುವೆ ಇರುವ ಆ ಕೆಲವು ಗಂಟೆಗಳಲ್ಲಿ ಏನಾದರೂ ಮಾಡಬಹುದಾ ಅಂತಲೇ ಜಗತ್ತಿನ ತುಂಬಾ ಹುಡುಕಾಟ ನಡೆದಿದೆ. ಮೆದುಳು ಉಳಿಸುವ ಔಷಧಿಗಳೆಲ್ಲ ಈ ಸರಪಳಿಯ ಯಾವುದೋ ಒಂದು ಕೊಂಡಿಯನ್ನು ಕತ್ತರಿಸಲು ನೋಡುವಂಥವು.

ಹರಿಹರದವನು

ಡಾಕ್ಟ್ರೇ, ಹಾಗಾದರೆ ಆ ಕೊಂಡಿ ಕತ್ತರಿಸುವ ಔಷಧಿ ಯಾವುದು? ಇಷ್ಟು ಗೊತ್ತಿದ್ದ ಮೇಲೆ ಔಷಧಿ ಸಿಕ್ಕಿರಬೇಕಲ್ವಾ?

ಫಾರ್ಮಕಾಲಜಿ ಮೇಷ್ಟ್ರು, ಚಿತ್ರದುರ್ಗ

ಇದಕ್ಕೆ ನಾನು ಉತ್ತರಿಸುತ್ತೇನೆ. ವರ್ಷಗಳಿಂದ ಪಾಠ ಮಾಡಿದ ವಿಷಯ, ಮನಸ್ಸಿಗೆ ಹತ್ತಿರದ್ದು.

ಕುರಿಮರಿ, ಇಲಿಮರಿಗಳಲ್ಲಿ ಕೆಲಸ ಮಾಡಿದ ಔಷಧಿಗಳ ಪಟ್ಟಿ ಬಹಳ ಉದ್ದವಿದೆ. ಮನುಷ್ಯರ ಶಿಶುಗಳಲ್ಲಿ ಗೆದ್ದದ್ದು ಕೈಬೆರಳೆಣಿಕೆಯಷ್ಟೂ ಇಲ್ಲ. ಪ್ರಯೋಗಾಲಯದಲ್ಲಿ ಪೆಟ್ಟು ಯಾವಾಗ ಬಿತ್ತು ಅಂತ ನಿಮಿಷದ ಲೆಕ್ಕದಲ್ಲಿ ಗೊತ್ತಿರುತ್ತದೆ. ಔಷಧಿಯನ್ನು ಸರಿಯಾದ ಹೊತ್ತಿಗೆ ಕೊಡುತ್ತಾರೆ. ನಿಜವಾದ ಹೆರಿಗೆಯಲ್ಲಿ ಪೆಟ್ಟು ಇವತ್ತು ಬೆಳಿಗ್ಗೆ ಬಿತ್ತೋ, ನಾಲ್ಕು ದಿನದ ಹಿಂದೆಯೇ ಬಿತ್ತೋ, ಅಥವಾ ತಾಯಿಯ ರಕ್ತಹೀನತೆ, ಸೋಂಕುಗಳ ಜೊತೆ ನಿಧಾನವಾಗಿ ಬೆಳೆದು ಬಂತೋ ಹೇಳುವುದು ಕಷ್ಟ.

ಎರಿಥ್ರೋಪೊಯೆಟಿನ್ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ "ರಕ್ತ ಹೆಚ್ಚಿಸುವ ಇಂಜೆಕ್ಷನ್" ಇದೇ. ಕಿಡ್ನಿ ರೋಗಿಗಳಿಗೆ ಕೊಡುವ ಔಷಧಿ. ಕೋಶ ಸಾಯುವುದನ್ನು ತಡೆಯುತ್ತದೆ ಅಂತ ಪ್ರಾಣಿಗಳಲ್ಲಿ ಕಂಡಿತ್ತು. ಕಾಶ್ಮೀರದಲ್ಲಿ 100 ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಳ್ಳೆಯ ಫಲ ಕಂಡಿತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಅಮೆರಿಕದಲ್ಲಿ ಹೀಲ್ ಅನ್ನೋ ದೊಡ್ಡ ಪ್ರಯೋಗ ನಡೆಯಿತು. ಅದರಲ್ಲಿ 500 ಶಿಶುಗಳು. ಎಲ್ಲರಿಗೂ ತಣ್ಣಗಿಡುವ ಚಿಕಿತ್ಸೆ ಕೊಟ್ಟರು. ಅರ್ಧ ಶಿಶುಗಳಿಗೆ ಅದರ ಜೊತೆಗೆ ಎರಿಥ್ರೋಪೊಯೆಟಿನ್, ಉಳಿದವರಿಗೆ ಸಲೈನ್. ಫಲಿತಾಂಶ 2022ರಲ್ಲಿ ಬಂತು. ಸಾವು ಅಥವಾ ಬೆಳವಣಿಗೆಯ ತೊಂದರೆ ಔಷಧಿ ಪಡೆದವರಲ್ಲಿ 52.5%, ಪಡೆಯದವರಲ್ಲಿ 49.5%. ಅಂದರೆ ಲಾಭ ಏನೂ ಇಲ್ಲ. ಗಂಭೀರ ಅಡ್ಡಪರಿಣಾಮಗಳು ಔಷಧಿ ಪಡೆದವರಲ್ಲೇ ಜಾಸ್ತಿ ಇದ್ದವು. ತಣ್ಣಗಿಡದೆ ಬರೀ ಈ ಔಷಧಿ ಕೊಟ್ಟರೆ ಹೇಗೆ ಅಂತ ನೋಡಲು ನಮ್ಮ ದಕ್ಷಿಣ ಏಷ್ಯಾದಲ್ಲೇ ಎಂಬ್ರೇಸ್ ಅನ್ನೋ ಬೇರೆ ಪ್ರಯೋಗ ಕೈಗೆತ್ತಿಕೊಂಡರು. ಅಂಥ ಪ್ರಯೋಗದ ಹೊರಗೆ ಯಾರಾದರೂ ದುಡ್ಡು ತಗೊಂಡು ಇದನ್ನು ಮೆದುಳಿಗೆ ಅಂತ ಕೊಡುತ್ತೇನೆ ಅಂದರೆ ನಾನಂತೂ ಒಪ್ಪುವುದಿಲ್ಲ.

ಅಲೋಪ್ಯೂರಿನಾಲ್ ಗೌಟ್ ಅನ್ನೋ ಕೀಲುನೋವಿನ ರೋಗದ ಮಾತ್ರೆ. ಫ್ರೀ ರ‍್ಯಾಡಿಕಲ್ ಹುಟ್ಟಿಸುವ ಕಿಣ್ವವನ್ನು ತಡೆಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಹೆರಿಗೆ ನೋವಿನಲ್ಲಿದ್ದ, ಮಗುವಿಗೆ ಆಮ್ಲಜನಕ ಕಡಿಮೆಯಾಗಿದೆ ಅಂತ ಅನುಮಾನವಿದ್ದ 222 ತಾಯಂದಿರನ್ನು ಸೇರಿಸಿಕೊಂಡು ಪರೀಕ್ಷಿಸಿದರು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಮೆದುಳಿನ ಪೆಟ್ಟು ತೋರಿಸುವ ಅಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹುಟ್ಟಿ 45 ನಿಮಿಷದೊಳಗೆ ಮಗುವಿಗೇ ಕೊಟ್ಟು ನೋಡುವ ಆಲ್ಬಿನೋ ಅನ್ನೋ ಪ್ರಯೋಗವನ್ನು ಯುರೋಪಿನಲ್ಲಿ ಶುರು ಮಾಡಿದರು. ಹೊತ್ತು ಎಷ್ಟು ಮುಖ್ಯ ಅಂತ ಅವರಿಗೂ ಗೊತ್ತು, ಅದಕ್ಕೇ ಆ 45 ನಿಮಿಷ.

ಕ್ಸೆನಾನ್ ಅನಿಲವನ್ನು ಬ್ರಿಟನ್ನಿನಲ್ಲಿ 92 ಶಿಶುಗಳ ಮೇಲೆ ನೋಡಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಲಾಭ ಕಾಣಲಿಲ್ಲ. ಮೆಲಟೋನಿನ್ ಬಗ್ಗೆ ಚಿಕ್ಕ ಚಿಕ್ಕ ಅಧ್ಯಯನಗಳಿವೆ, ಅವನ್ನು ನಂಬಿ ಚಿಕಿತ್ಸೆ ಮಾಡುವ ಹಂತ ಬಂದಿಲ್ಲ.

ಎನ್‌ಐಸಿಯು ನರ್ಸ್

ನಾನು ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ನರ್ಸ್. ತಣ್ಣಗಿಡುವ ಚಿಕಿತ್ಸೆ ಬಗ್ಗೆ ಬರೆಯುತ್ತೇನೆ. ಅದು ಔಷಧಿ ಅಲ್ಲ, ಆದರೆ ಔಷಧಿಗಳನ್ನೆಲ್ಲ ಅದರ ಜೊತೆಯಲ್ಲೇ ಹೋಲಿಸುತ್ತಾರೆ.

ಮಗು ಹುಟ್ಟಿ 6 ಗಂಟೆಯೊಳಗೆ ಶುರು ಮಾಡಬೇಕು. ಮೈಯ ಒಳಗಿನ ಬಿಸಿಯನ್ನು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಹಾಗೇ ಹಿಡಿದಿಡಬೇಕು. ಆಮೇಲೆ ಬಹಳ ನಿಧಾನವಾಗಿ ಬೆಚ್ಚಗೆ ಮಾಡಬೇಕು. ದಿನ ತುಂಬಿದ ಅಥವಾ ತುಂಬಲು ಬಂದ ಶಿಶುಗಳಿಗೆ ಮಾತ್ರ. 2005ರಿಂದ ಅಮೆರಿಕ, ಯುರೋಪಿನ ಪ್ರಯೋಗಗಳು ಇದು ಕೆಲಸ ಮಾಡುತ್ತದೆ ಅಂತ ತೋರಿಸಿದವು. ಅಲ್ಲಿನ ಲೆಕ್ಕದಲ್ಲಿ ಸುಮಾರು 7 ಶಿಶುಗಳನ್ನು ತಣ್ಣಗಿಟ್ಟರೆ ಒಂದು ಶಿಶು ಸಾವು ಅಥವಾ ದೊಡ್ಡ ಅಂಗವೈಕಲ್ಯದಿಂದ ಪಾರಾಗುತ್ತದೆ.

ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದಲ್ಲಿ 408 ಶಿಶುಗಳ ಮೇಲೆ ನಡೆದ ಹೀಲಿಕ್ಸ್ ಪ್ರಯೋಗ ಬೇರೆಯದನ್ನೇ ಹೇಳಿತು. 2021ರಲ್ಲಿ ಬಂದ ಫಲಿತಾಂಶ ಇದು: ತಣ್ಣಗಿಟ್ಟವರಲ್ಲಿ 42% ಶಿಶುಗಳು ತೀರಿಕೊಂಡವು, ಮಾಮೂಲಿ ಆರೈಕೆಯಲ್ಲಿ 31%. ಇದನ್ನು ಓದಿದ ದಿನ ನಮ್ಮ ವಾರ್ಡಿನಲ್ಲಿ ಎಲ್ಲರ ಮುಖ ಸಪ್ಪಗಾಗಿತ್ತು.

ಇನ್ನೊಂದು ಮಾತು ಹೇಳಲೇಬೇಕು. ತಣ್ಣಗೆ ಮಾಡುವ ಮೆಷಿನ್ ಇಲ್ಲದಿದ್ದರೂ ಪರವಾಗಿಲ್ಲ, ಇಂಥ ಮಗುವಿಗೆ ಬಿಸಿ ಏರಲು ಮಾತ್ರ ಬಿಡಬಾರದು. ಉಸಿರುಗಟ್ಟಿದ ಶಿಶುವಿನ ಮೈ ಬಿಸಿ ಮಾಮೂಲಿಗಿಂತ ಏರಿದರೆ, ಪ್ರತಿ 1 ಡಿಗ್ರಿಗೆ ಸಾವು, ಅಂಗವೈಕಲ್ಯದ ಅಪಾಯ ಮೂರು ನಾಲ್ಕು ಪಟ್ಟು ಜಾಸ್ತಿ ಕಂಡಿತ್ತು. ದಾವಣಗೆರೆಯ ಏಪ್ರಿಲ್ ಬಿಸಿಲು ನೆನಪಿಸಿಕೊಳ್ಳಿ. ಆ ಸೆಕೆಯಲ್ಲಿ ವಾರ್ಮರ್ ಜೋರಾಗಿಟ್ಟು, ಟೋಪಿ, ಮೂರು ಬಟ್ಟೆ ಸುತ್ತಿ ಕಳಿಸಿದ ಶಿಶುಗಳು ನಮ್ಮಲ್ಲಿಗೆ 38 ಡಿಗ್ರಿ ದಾಟಿ ಬಂದಿವೆ. ಹಾಗಂತ ಮನೆಯಲ್ಲಿ ಯಾರೂ ಮಗುವನ್ನು ತಣ್ಣಗೆ ಮಾಡಲು ಹೋಗಬೇಡಿ. ಅದು ಪ್ರಾಣಕ್ಕೇ ಅಪಾಯ. ಥರ್ಮಾಮೀಟರ್ ಇಟ್ಟು ನೋಡುವುದು ಆಸ್ಪತ್ರೆಯ ಕೆಲಸ, ಅದನ್ನು ಮರೆಯದೆ ಮಾಡಬೇಕು ಅಂತ ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳುತ್ತಿದ್ದೇನೆ.

ಚಳ್ಳಕೆರೆ ಅಪ್ಪ

ನರ್ಸಮ್ಮ, ನಿಮ್ಮ ಮಾತು ಓದಿ ಬೇಜಾರಾಯಿತು. ನನ್ನ ಮಗಳನ್ನು ಬೆಂಗಳೂರಿನಲ್ಲಿ ತಣ್ಣಗಿಟ್ಟೇ ಉಳಿಸಿದರು. ಈಗ ಶಾಲೆಗೆ ಹೋಗುತ್ತಾಳೆ, ಓಡುತ್ತಾಳೆ. ಹೀಗೆ ಬರೆದರೆ ನಾಳೆ ಒಬ್ಬ ಅಪ್ಪ ಬೇಡ ಅಂದುಬಿಡುತ್ತಾನೆ. ಆ ಮಗುವಿನ ಗತಿ ಏನು?

ಮಕ್ಕಳ ಡಾಕ್ಟರ್, ದಾವಣಗೆರೆ

ಚಳ್ಳಕೆರೆ ಅಪ್ಪ, ನಿಮ್ಮ ಮಗಳು ಓಡುತ್ತಾಳೆ ಅಂತ ಓದಿ ಖುಷಿಯಾಯಿತು. ನಿಮ್ಮ ಆತಂಕವೂ ಸರಿ.

ಹೀಲಿಕ್ಸ್ ಬಗ್ಗೆ ನಮ್ಮ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಅಲ್ಲಿಗೆ ಬಂದ ಶಿಶುಗಳಲ್ಲಿ ಬಹಳಷ್ಟಕ್ಕೆ ಪೆಟ್ಟು ಹೆರಿಗೆಗೆ ಮುಂಚೆಯೇ ಶುರುವಾಗಿತ್ತು, 6 ಗಂಟೆಯ ಲೆಕ್ಕ ಅವಕ್ಕೆ ಹೊಂದಲೇ ಇಲ್ಲ ಅಂತ ಒಂದು ವಾದ. ಆಸ್ಪತ್ರೆಗಳ ಗದ್ದಲ, ಸೋಂಕು, ಉಸಿರಾಟದ ಮೆಷಿನ್‌ಗಳ ಕೊರತೆ ಕಾರಣ ಅಂತ ಇನ್ನೊಂದು. ವೆಲ್ಲೂರಿನಲ್ಲಿ 50 ಶಿಶುಗಳ ಮೇಲೆ ನಡೆದ ಚಿಕ್ಕ ಅಧ್ಯಯನದಲ್ಲಿ ತಣ್ಣಗಿಟ್ಟವರ ಎಂಆರ್‌ಐ ಚೆನ್ನಾಗಿತ್ತು. ನನ್ನ ಅಭಿಪ್ರಾಯ ಹೇಳುತ್ತೇನೆ. ಒಳ್ಳೆಯ ಎನ್‌ಐಸಿಯು, ಇಪ್ಪತ್ನಾಲ್ಕು ಗಂಟೆ ನೋಡುವ ಸಿಬ್ಬಂದಿ, ಸರಿಯಾದ ಉಪಕರಣ, ಹೆರಿಗೆಯಲ್ಲೇ ಪೆಟ್ಟಾಗಿದೆ ಅಂತ ಸ್ಪಷ್ಟವಾಗಿರುವ ದಿನ ತುಂಬಿದ ಮಗು, ಇಷ್ಟೂ ಇದ್ದರೆ ತಣ್ಣಗಿಡುವುದಕ್ಕೆ ನಾನು ಹೂಂ ಅನ್ನುತ್ತೇನೆ. ಐಸ್ ಪ್ಯಾಕ್ ಇಟ್ಟು ಅರೆಬರೆ ಮಾಡುವುದಕ್ಕೆ ಬೇಡ ಅನ್ನುತ್ತೇನೆ. ನಿಮ್ಮ ಮಗಳಿಗೆ ಸಿಕ್ಕಿದ್ದು ಮೊದಲನೆಯದು ಅನ್ನಿಸುತ್ತದೆ.

ಹೆರಿಗೆ ಡಾಕ್ಟರ್, ಚಿತ್ರದುರ್ಗ ಜಿಲ್ಲೆ

ಎಲ್ಲರೂ ಹುಟ್ಟಿದ ಮೇಲಿನದ್ದನ್ನೇ ಬರೆದಿದ್ದೀರಿ. ಜಗಳೂರಿನ ತಾಯಿ ಕೇಳಿದ ಮೊದಲ ಪ್ರಶ್ನೆ "ತಾಯಿಗೆ ಕೊಡುವ ಇಂಜೆಕ್ಷನ್". ಅದು ಇದೆ. ಈ ಇಡೀ ವಿಷಯದಲ್ಲಿ ಗಟ್ಟಿ ಪುರಾವೆ ಇರುವ ಔಷಧಿ ಅಂದರೆ ನನ್ನ ಲೆಕ್ಕದಲ್ಲಿ ಅದೇ.

ಹೆಸರು ಮ್ಯಾಗ್ನೀಸಿಯಂ ಸಲ್ಫೇಟ್. ಬಿಪಿ ಏರಿ ಫಿಟ್ಸ್ ಬರುವ ಗರ್ಭಿಣಿಯರಿಗೆ ನಾವು ದಿನವೂ ಕೊಡುವ ಅದೇ ಔಷಧಿ. ಬಹಳ ಅಗ್ಗ. ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಇರುತ್ತದೆ. ಗ್ಲುಟಮೇಟ್ ಬಾಗಿಲು ತೆರೆಸುತ್ತದೆ ಅಂತ ಮೇಲೆ ಡಾಕ್ಟರ್ ಬರೆದರಲ್ಲ, ಮ್ಯಾಗ್ನೀಸಿಯಂ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಮಗುವಿನ ಮೆದುಳು ಉಳಿಯುವುದು ಅದೊಂದರಿಂದಲೇ ಅಂತ ಹೇಳಲು ಬರುವುದಿಲ್ಲ, ಆದರೆ ಅದು ಒಂದು ದಾರಿ.

ಅಮೆರಿಕದಲ್ಲಿ 2241 ಗರ್ಭಿಣಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ಎಲ್ಲರೂ 24ರಿಂದ 31 ವಾರದಲ್ಲಿ ಹೆರಿಗೆಯಾಗುವ ಅಪಾಯದಲ್ಲಿದ್ದವರು. ಮಧ್ಯಮ ಮತ್ತು ತೀವ್ರ ಸಿಪಿ, ಔಷಧಿ ಪಡೆದವರ ಮಕ್ಕಳಲ್ಲಿ 1.9%, ಪಡೆಯದವರಲ್ಲಿ 3.5%. ಅಂದರೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಇಷ್ಟು ಅಗ್ಗದ ಔಷಧಿಯಿಂದ ಇಷ್ಟು ಲಾಭ! ವಿಶ್ವ ಆರೋಗ್ಯ ಸಂಸ್ಥೆ 32 ವಾರಕ್ಕೆ ಮುಂಚೆ ಹೆರಿಗೆಯಾಗುವ ಹಾಗಿದ್ದರೆ ಇದನ್ನು ಕೊಡಿ ಅನ್ನುತ್ತದೆ.

ಕೊಡುವಾಗ ಪಕ್ಕದಲ್ಲೇ ಇರಬೇಕು. ತಾಯಿಯ ಉಸಿರಾಟ, ಮೊಣಕಾಲಿನ ಪ್ರತಿಕ್ರಿಯೆ, ಮೂತ್ರದ ಪ್ರಮಾಣ ನೋಡುತ್ತಿರಬೇಕು. ಜಾಸ್ತಿಯಾದರೆ ಉಸಿರು ನಿಧಾನವಾಗುತ್ತದೆ, ಆಗ ಕ್ಯಾಲ್ಸಿಯಂ ಗ್ಲೂಕೋನೇಟ್ ಕೊಡುತ್ತೇವೆ. ಮನೆಗೆ ತಂದು ಹಾಕಿಸಿಕೊಳ್ಳುವ ಇಂಜೆಕ್ಷನ್ ಅಲ್ಲವೇ ಅಲ್ಲ.

ಇದರ ಜೊತೆಗೇ ಸ್ಟೀರಾಯ್ಡ್ ಇಂಜೆಕ್ಷನ್. ಬೇಗ ಹುಟ್ಟುವ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಕೊಡುವುದು. ಉಸಿರಾಟ ಚೆನ್ನಾಗಿದ್ದರೆ ಮೆದುಳಿಗೂ ಒಳ್ಳೆಯದು, ಮೆದುಳಿನೊಳಗೆ ರಕ್ತಸ್ರಾವವೂ ಕಡಿಮೆ. ಇದನ್ನು ನಮ್ಮಂಥ ದೇಶಗಳಲ್ಲಿ ಪರೀಕ್ಷಿಸಿದ ಆ್ಯಕ್ಷನ್ ಪ್ರಯೋಗದಲ್ಲಿ ನಮ್ಮ ಬೆಳಗಾವಿಯೂ ಇತ್ತು. 2852 ತಾಯಂದಿರು. ನವಜಾತ ಶಿಶುಗಳ ಸಾವು 23.5%ರಿಂದ 19.6%ಕ್ಕೆ ಇಳಿಯಿತು. 2020ರಲ್ಲಿ ಪ್ರಕಟವಾಯಿತು. ಲಾಭ ಅಷ್ಟು ಸ್ಪಷ್ಟವಿದ್ದಿದ್ದಕ್ಕೆ ಪ್ರಯೋಗವನ್ನು ಮುಂಚೆಯೇ ನಿಲ್ಲಿಸಿದರು.

ನನ್ನ ಕೊರಗು ಏನೆಂದರೆ, ಔಷಧಿ ಕಪಾಟಿನಲ್ಲೇ ಇರುತ್ತದೆ, ತಾಯಿ ತಲುಪುವ ಹೊತ್ತಿಗೆ ಮಗು ಅರ್ಧ ಹೊರಗೆ ಬಂದಿರುತ್ತದೆ. ಏಳನೇ ತಿಂಗಳಲ್ಲಿ ಸೊಂಟ ನೋವು ಅಂದರೆ "ಸುಳ್ಳು ನೋವು, ಮಲಗು" ಅನ್ನುವವರೇ ಜಾಸ್ತಿ. ಮೊಳಕಾಲ್ಮೂರಿನ ಹಳ್ಳಿಯಿಂದ ಚಿತ್ರದುರ್ಗಕ್ಕೆ ಬರುವುದು ಸಣ್ಣ ದಾರಿಯಲ್ಲ. ದಿನ ತುಂಬುವ ಮುಂಚೆ ನೋವು, ನೀರು, ರಕ್ತ ಯಾವುದು ಕಂಡರೂ ಆ ಗಳಿಗೆಯಲ್ಲೇ ಹೊರಡಿ.

ಜಗಳೂರಿನ ತಾಯಿ

ಡಾಕ್ಟ್ರೇ, ನನ್ನ ಮಗ ದಿನ ತುಂಬಿ ಹುಟ್ಟಿದವನು. ಈ ಮಗುವೂ ದಿನ ತುಂಬಿಯೇ ಹುಟ್ಟಿದರೆ ಈ ಇಂಜೆಕ್ಷನ್ ನನಗೆ ಆಗುವುದಿಲ್ಲ ಅಂತಲಾ? ಸ್ಪಷ್ಟವಾಗಿ ಹೇಳಿ.

ಹೆರಿಗೆ ಡಾಕ್ಟರ್, ಚಿತ್ರದುರ್ಗ ಜಿಲ್ಲೆ

ಹೌದಮ್ಮ, ದಿನ ತುಂಬಿದ ಹೆರಿಗೆಗೆ ಮೆದುಳಿನ ಸಲುವಾಗಿ ಇದನ್ನು ಕೊಡುವುದಿಲ್ಲ. ಲಾಭ ಇದೆ ಅನ್ನುವ ಪುರಾವೆ ಇಲ್ಲ. ದಿನ ತುಂಬಿದ ಮಗುವಿಗೆ ಮುಂಚಿತವಾಗಿ ರಕ್ಷಣೆ ಕೊಡುವ ಯಾವ ಔಷಧಿಯೂ ಇವತ್ತು ನಮ್ಮ ಕೈಯಲ್ಲಿಲ್ಲ.

ನಿಮ್ಮ ವಿಷಯದಲ್ಲಿ ರಕ್ಷಣೆ ಇರುವುದು ಹೆರಿಗೆ ನೋಡಿಕೊಳ್ಳುವ ರೀತಿಯಲ್ಲಿ. ಸಿಸೇರಿಯನ್ ಮಾಡುವ ಡಾಕ್ಟರ್, ಅರಿವಳಿಕೆ ಡಾಕ್ಟರ್, ರಕ್ತ, ಮಕ್ಕಳ ಡಾಕ್ಟರ್, ಎನ್‌ಐಸಿಯು ಎಲ್ಲ ಒಂದೇ ಕಡೆ ಇರುವ ಜಾಗದಲ್ಲೇ ಹೆರಿಗೆ ಆಗಬೇಕು. ಜಗಳೂರಿನಿಂದ ದಾವಣಗೆರೆಗೆ ಬರಬೇಕು ಅಂದರೆ ಕೊನೆಯ ವಾರಗಳಲ್ಲಿ ಅಲ್ಲೇ ಹತ್ತಿರದಲ್ಲಿ ಉಳಿದುಕೊಳ್ಳುವ ಏರ್ಪಾಟು ನೋಡಿ. ನೋವು ಜೋರಾದ ಮೇಲೆ ಮಗುವಿನ ಎದೆಬಡಿತವನ್ನು 15ರಿಂದ 30 ನಿಮಿಷಕ್ಕೊಮ್ಮೆ, ತಳ್ಳುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು. ನಿಮ್ಮಂಥ ಹಿಂದಿನ ಕಥೆ ಇದ್ದವರಿಗೆ ಮೆಷಿನ್ ಹಾಕಿ ಬಿಡದೆ ನೋಡುವುದು ಒಳ್ಳೆಯದು. ಹಳೆಯ ಡಿಸ್ಚಾರ್ಜ್ ಚೀಟಿ ತಪ್ಪದೆ ತೋರಿಸಿ. ಹಿಂದಿನ ಸಲ ಕಾರಣ ಏನು ಅನ್ನೋದರ ಮೇಲೆ ಈ ಸಲದ ಯೋಜನೆ ನಿಂತಿದೆ.

ಇಂಟರ್‌ನೆಟ್ ನೋಡಿ ಯಾವ ಮಾತ್ರೆಯನ್ನೂ ತಗೊಳ್ಳಬೇಡಿ. ಬೆಳವಣಿಗೆ ಕುಂಠಿತವಾದ ಶಿಶುಗಳಿಗೆ ರಕ್ತ ಚೆನ್ನಾಗಿ ಹರಿಯಲಿ ಅಂತ ತಾಯಂದಿರಿಗೆ ಸಿಲ್ಡೆನಾಫಿಲ್ ಕೊಟ್ಟ ನೆದರ್ಲೆಂಡ್ಸ್‌ನ ಪ್ರಯೋಗವನ್ನು 2018ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧಿ ಪಡೆದವರ ಶಿಶುಗಳಲ್ಲಿ ಶ್ವಾಸಕೋಶದ ತೊಂದರೆ, ಸಾವು ಜಾಸ್ತಿ ಕಂಡವು. ಅಷ್ಟು ಎಚ್ಚರಿಕೆಯಿಂದ ನಡೆಸಿದ ಪ್ರಯೋಗದಲ್ಲೇ ಹೀಗಾಯಿತು.

ಹೊಸದುರ್ಗದ ಅಪ್ಪ

ಟಾನಿಕ್ ವಿಷಯ ಯಾರೂ ಹೇಳಲಿಲ್ಲ. ನನ್ನ ಮಗುವಿಗೂ ಹುಟ್ಟಿದಾಗ ಉಸಿರು ಕಟ್ಟಿತ್ತು. ಪಿರಾಸಿಟಾಮ್ ಸಿರಪ್, ಸಿಟಿಕೊಲಿನ್ ಹನಿ ಎರಡೂ ಬರೆದುಕೊಟ್ಟಿದ್ದಾರೆ. ಅಡಿಕೆ ರೇಟ್ ಬಿದ್ದ ವರ್ಷವೂ ನಿಲ್ಲಿಸಿಲ್ಲ. ಒಂದು ಕಡೆ ಸ್ಟೆಮ್ ಸೆಲ್ (ಮೂಲಕೋಶ) ಹಾಕಿಸಿ ಅಂತ ಲಕ್ಷಗಟ್ಟಲೆ ಕೇಳಿದರು. ಹೊಲ ಅಡ ಇಡೋಣ ಅಂತ ಮನೆಯಲ್ಲಿ ಮಾತಾಗಿದೆ.

ಫಾರ್ಮಕಾಲಜಿ ಮೇಷ್ಟ್ರು, ಚಿತ್ರದುರ್ಗ

ಅಣ್ಣಾ, ಹೊಲ ಅಡ ಇಡಬೇಡಿ. ದಯವಿಟ್ಟು.

ಸಿಪಿಗೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಇಂಥದ್ದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬೇಕು. ಪ್ರಯೋಗದಲ್ಲಿ ರೋಗಿಯಿಂದ ಚಿಕಿತ್ಸೆಗೆ ದುಡ್ಡು ತಗೊಳ್ಳುವ ಹಾಗಿಲ್ಲ. ಲಕ್ಷ ಕೇಳಿದರು ಅಂದಮೇಲೆ ಅಲ್ಲಿಂದ ಎದ್ದು ಬನ್ನಿ.

ಪಿರಾಸಿಟಾಮ್, ಸಿಟಿಕೊಲಿನ್ ಕೊಟ್ಟರೆ ಇಂಥ ಮಕ್ಕಳು ಬೇಗ ನಡೆಯುತ್ತಾರೆ, ಮಾತಾಡುತ್ತಾರೆ ಅಂತ ನಂಬಲು ಬೇಕಾದಷ್ಟು ಪುರಾವೆ ಇಲ್ಲ. ಮೆದುಳಿನ ಎರಡನೇ ಪೆಟ್ಟು ಮೊದಲ ಮೂರು ದಿನದಲ್ಲೇ ಹೆಚ್ಚಿನ ಕೆಲಸ ಮುಗಿಸಿರುತ್ತದೆ. ವರ್ಷಗಳ ನಂತರ ಕುಡಿಸಿದ ಸಿರಪ್ ಅಲ್ಲಿಗೆ ವಾಪಸ್ ಹೋಗಿ ಸರಿಮಾಡಲು ಆಗುವುದಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಫಿಟ್ಸ್ ಔಷಧಿಯನ್ನು ಟಾನಿಕ್ ಅಂದುಕೊಂಡು ನಿಲ್ಲಿಸಬೇಡಿ. ಬಾಟಲಿಗಳನ್ನೆಲ್ಲ ಡಾಕ್ಟರ್ ಮುಂದೆ ಇಟ್ಟು, ಯಾವುದು ಫಿಟ್ಸ್‌ಗೆ, ಯಾವುದು ಬಿಗಿತಕ್ಕೆ, ಯಾವುದು ಬಿಡಬಹುದು ಅಂತ ಕೇಳಿ.

ಹಿರಿಯೂರು ಮಾವ

ಮೇಷ್ಟ್ರೇ, ನಮ್ಮ ಅಕ್ಕನ ಮಗ ಟಾನಿಕ್ ಶುರು ಮಾಡಿದ ಮೇಲೇ ಕೂರಲು ಕಲಿತ. ಕಣ್ಣಾರೆ ಕಂಡಿದ್ದೇನೆ. ಪುರಾವೆ ಇಲ್ಲ ಅಂದರೆ ಹೇಗೆ?

ಫಾರ್ಮಕಾಲಜಿ ಮೇಷ್ಟ್ರು, ಚಿತ್ರದುರ್ಗ

ನೀವು ಕಂಡಿದ್ದು ಸುಳ್ಳಲ್ಲ. ಮಗು ಕೂರಲು ಕಲಿತಿದ್ದು ನಿಜ. ಆದರೆ ಆ ವಯಸ್ಸಿನಲ್ಲಿ ಮೆದುಳು ತಾನೇ ಬೆಳೆಯುತ್ತಿರುತ್ತದೆ. ಅದೇ ತಿಂಗಳುಗಳಲ್ಲಿ ನಿಮ್ಮ ಅಕ್ಕ ಮಗುವಿಗೆ ದಿನವೂ ವ್ಯಾಯಾಮ ಮಾಡಿಸಿರಬೇಕಲ್ವಾ? ಟಾನಿಕ್ ಕುಡಿಯದ, ಅಂಥದ್ದೇ ಪೆಟ್ಟಿನ ಮಕ್ಕಳನ್ನು ಪಕ್ಕದಲ್ಲಿಟ್ಟು ನೋಡದೆ ಯಶಸ್ಸು ಯಾರದ್ದು ಅಂತ ಹೇಳಲು ಬರುವುದಿಲ್ಲ. ಎರಿಥ್ರೋಪೊಯೆಟಿನ್ ಬಗ್ಗೆಯೂ ಜನರಿಗೆ ಇಷ್ಟೇ ಭರವಸೆ ಇತ್ತು. 500 ಶಿಶುಗಳನ್ನು ಹೋಲಿಸಿದ ಮೇಲೆ ಗೊತ್ತಾಯಿತು.

ಆಶಾ ಕಾರ್ಯಕರ್ತೆ

ನಾನು ಡಾಕ್ಟರ್ ಅಲ್ಲ. ಹಳ್ಳಿಯಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಔಷಧಿಯಿಂದ ಮೆದುಳು ಉಳಿಸುವ ಮಾತು ನಡೆಯುತ್ತಿದೆ. ಔಷಧಿಯಿಂದಲೇ ಮೆದುಳಿಗೆ ಪೆಟ್ಟು ಬೀಳುವುದನ್ನೂ ಬರೆಯಬೇಕು. ನೋವು ಬರುವ ಇಂಜೆಕ್ಷನ್, ಆಕ್ಸಿಟೋಸಿನ್. ಇದನ್ನು ಡ್ರಿಪ್‌ನಲ್ಲಿ, ಅಳತೆಯಲ್ಲಿ, ಮಗುವಿನ ಎದೆಬಡಿತ ನೋಡುತ್ತಾ ಕೊಡಬೇಕು. ಬೇಗ ಮುಗಿಯಲಿ ಅಂತ ಸೊಂಟಕ್ಕೆ ಚುಚ್ಚಿಬಿಟ್ಟರೆ ಗರ್ಭಕೋಶ ಬಿಡುವಿಲ್ಲದೆ ಹಿಂಡುತ್ತದೆ. ಎರಡು ನೋವಿನ ನಡುವೆ ಮಗುವಿಗೆ ರಕ್ತ ಹರಿಯಬೇಕು, ಆ ಬಿಡುವೇ ಸಿಗುವುದಿಲ್ಲ. ನಮ್ಮ ಕಡೆ ಇದನ್ನು ಕೇಳಿ ಹಾಕಿಸಿಕೊಳ್ಳುವ ಮನೆಯವರೂ ಇದ್ದಾರೆ. "ಒಂದು ಇಂಜೆಕ್ಷನ್ ಹಾಕಿ ಬೇಗ ಮಾಡಿ" ಅಂತ ಅತ್ತೆಯಂದಿರು ಒತ್ತಾಯ ಮಾಡುತ್ತಾರೆ. ಹಾಗೆ ಕೇಳಬೇಡಿ. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿ ಅಂತ ಕೊಡುವ ಅದೇ ಇಂಜೆಕ್ಷನ್ ಬೇರೆ ವಿಷಯ, ಅದು ಬೇಕೇ ಬೇಕು.

ಎರಡನೆಯದು, ಮಗುವಿನ ಓಡಾಟ. ದಿನವೂ ಒದೆಯುತ್ತಿದ್ದ ಮಗು ಕಡಿಮೆ ಮಾಡಿತು ಅಂದರೆ ನಾಳೆ ನೋಡೋಣ ಅನ್ನಬೇಡಿ. 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಹಿಡಿದು ಹೊರಡಿ. ಕಬ್ಬಿಣದ ಮಾತ್ರೆ ಕಸದ ಬುಟ್ಟಿಗೆ ಹೋಗುವುದನ್ನು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ರಕ್ತ ಕಡಿಮೆ ಇರುವ ತಾಯಿಯ ಮಗು ಹೆರಿಗೆಯ ಕಷ್ಟ ತಡೆಯುವುದು ಹೇಗೆ ಹೇಳಿ.

ಎನ್‌ಐಸಿಯು ನರ್ಸ್

ಆಶಾ ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಅಳದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಬ್ಯಾಗ್ ಮಾಸ್ಕ್‌ನಿಂದ ಉಸಿರು ಕೊಡಬೇಕು. ದಿನ ತುಂಬಿದ ಮಗುವಿಗೆ ಮಾಮೂಲಿ ಗಾಳಿಯಲ್ಲೇ ಶುರು ಮಾಡುತ್ತೇವೆ. ಸಿಲಿಂಡರ್ ಆಮ್ಲಜನಕ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಮೇಲೆ ಹೇಳಿದ ಫ್ರೀ ರ‍್ಯಾಡಿಕಲ್‌ಗಳು ಅದರಿಂದಲೇ ಹೆಚ್ಚುತ್ತವೆ.

ಫಿಸಿಯೋಥೆರಪಿಸ್ಟ್, ದಾವಣಗೆರೆ

ಮೊದಲ ದಿನಗಳು ಕಳೆದುಹೋದ ಮಕ್ಕಳ ಬಗ್ಗೆ ಬರೆಯುತ್ತೇನೆ. ಈ ಚರ್ಚೆ ಓದುವ ಬಹಳ ಜನ ಅಂಥ ತಂದೆ ತಾಯಿಗಳೇ ಇರಬೇಕು.

ಹುಟ್ಟಿದಾಗ ಅಳದ, ಫಿಟ್ಸ್ ಬಂದ, ಎನ್‌ಐಸಿಯುನಲ್ಲಿದ್ದ ಮಗುವನ್ನು "ಒಂದು ವರ್ಷ ಆಗಲಿ, ತಾನೇ ನಡೆಯುತ್ತದೆ" ಅಂತ ಕಾಯಬೇಡಿ. ಮೂರರಿಂದ ಐದು ತಿಂಗಳ ನಡುವೆ ಮಗುವಿನ ಕೈಕಾಲುಗಳ ತಾನೇತಾನಾದ ಚಲನೆಯನ್ನು ವಿಡಿಯೋ ಮಾಡಿ ನೋಡಿದರೆ ಸಿಪಿ ಅಪಾಯ ಎಷ್ಟಿದೆ ಅಂತ ಬಹಳಷ್ಟು ಗೊತ್ತಾಗುತ್ತದೆ. ಎಂಆರ್‌ಐ, ನರಗಳ ಪರೀಕ್ಷೆ ಜೊತೆಗಿದ್ದರೆ ಇನ್ನೂ ಸ್ಪಷ್ಟ. ನನ್ನ ಹತ್ತಿರ ಒಂದೂವರೆ, ಎರಡು ವರ್ಷಕ್ಕೆ ಕರೆತರುತ್ತಾರೆ. ಅಷ್ಟರಲ್ಲಿ ಕಾಲು ಬಿಗಿದು ಕತ್ತರಿಯಾಗಿರುತ್ತದೆ, ಸೊಂಟದ ಕೀಲು ಜಾರಲು ಶುರುವಾಗಿರುತ್ತದೆ. ಟಾನಿಕ್ ದುಡ್ಡು ಆ ವರ್ಷಗಳಲ್ಲಿ ಓಡಾಟಕ್ಕೆ ಖರ್ಚಾಗಿದ್ದರೆ ಅನ್ನಿಸುತ್ತದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ತೊಂದರೆಗೆ ಬೇಗ ಚಿಕಿತ್ಸೆ ಶುರು ಮಾಡುವ ಡಿಇಐಸಿ ಕೇಂದ್ರ ಎಲ್ಲಿದೆ ಅಂತ ಕೇಳಿ. ಮಕ್ಕಳ ಆರೋಗ್ಯ ತಪಾಸಣೆಗೆ ಇರುವ ಕೇಂದ್ರ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆ 2013ರಲ್ಲಿ ಶುರುವಾಗಿದ್ದು ಇಂಥ ಮಕ್ಕಳನ್ನು ಬೇಗ ಗುರುತಿಸಲಿಕ್ಕೇ. ನಿರಾಮಯ ವಿಮೆ ಮಾಡಿಸಿ. ಸಿಪಿ ಇರುವವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಸೇರುತ್ತದೆ. ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಂಡಿರಿ.

ಜಗಳೂರಿನ ತಾಯಿ, ನಿಮ್ಮ ಮಗ ಗೋಡೆ ಹಿಡಿದು ನಿಲ್ಲುತ್ತಾನೆ, ಮಾತು ಅರ್ಥವಾಗುತ್ತದೆ ಅಂದಿರಿ. ಅದು ಒಳ್ಳೆಯ ಸೂಚನೆ. ಅವನ ಸೊಂಟದ ಎಕ್ಸ್‌ರೇ ಮಾಡಿಸಿದ್ದೀರಾ? ಇಲ್ಲದಿದ್ದರೆ ಮುಂದಿನ ಸಲ ಬಂದಾಗ ಕೇಳಿ. ಮೇ ತಿಂಗಳ ಬಿಸಿಲಿನಲ್ಲಿ ಬಸ್ ಹತ್ತಿ ಬರುವುದು ಕಷ್ಟ ಅಂತ ಗೊತ್ತು, ಮನೆಯಲ್ಲಿ ಮಾಡಿಸುವ ವ್ಯಾಯಾಮವನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಡುತ್ತೇವೆ.

ಹರಿಹರದವನು

ಒಂದು ಪ್ರಶ್ನೆ. ಹಾಗಾದರೆ ಪ್ರತಿ ಸಿಪಿ ಮಗುವಿಗೂ ಹೆರಿಗೆಯಲ್ಲಿ ತಪ್ಪಾಗಿದೆ ಅಂತಲೇ ಅರ್ಥವಾ? ನಮ್ಮ ಊರಲ್ಲಿ ಆಸ್ಪತ್ರೆ ಮುಂದೆ ಇದಕ್ಕೇ ಗಲಾಟೆ ಆಗಿತ್ತು.

ಮಕ್ಕಳ ಡಾಕ್ಟರ್, ದಾವಣಗೆರೆ

ಇಲ್ಲ. 1861ರಲ್ಲಿ ಲಂಡನ್ನಿನ ಡಾಕ್ಟರ್ ವಿಲಿಯಂ ಜಾನ್ ಲಿಟ್ಲ್ ಕಷ್ಟದ ಹೆರಿಗೆಗೂ ಇಂಥ ಬಿಗಿತಕ್ಕೂ ಸಂಬಂಧವಿದೆ ಅಂತ ಬರೆದರು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್, ಹೌದು, ಮನೋವಿಶ್ಲೇಷಣೆಗೆ ಹೆಸರಾದ ಅವರೇ, ಕಷ್ಟದ ಹೆರಿಗೆಯೇ ಎಷ್ಟೋ ಸಲ ಒಳಗೆ ಮೊದಲೇ ಇದ್ದ ತೊಂದರೆಯ ಲಕ್ಷಣ ಇರಬಹುದು ಅಂದರು. ಬೇಗ ಹುಟ್ಟುವುದು, ಸೋಂಕು, ಮೆದುಳಿನ ರಚನೆಯ ತೊಂದರೆ, ಜೀನ್, ಹುಟ್ಟಿದ ಮೇಲಿನ ತೀವ್ರ ಕಾಮಾಲೆ ಹೀಗೆ ಕಾರಣಗಳು ಹಲವು. ಶ್ರೀಮಂತ ದೇಶಗಳಲ್ಲಿ ಹೆರಿಗೆ ಹೊತ್ತಿನ ಉಸಿರುಗಟ್ಟುವಿಕೆಯ ಪಾಲು ಚಿಕ್ಕದು. ನಮ್ಮಲ್ಲಿ ಅದಕ್ಕಿಂತ ದೊಡ್ಡದು, ಅದನ್ನು ಕಡಿಮೆ ಮಾಡುವ ಕೆಲಸ ಬೇಕಾದಷ್ಟಿದೆ.

ಜಗಳೂರಿನ ತಾಯಿ

ಎಲ್ಲರಿಗೂ ಕೈಮುಗಿಯುತ್ತೇನೆ. ಟಾನಿಕ್ ಬಾಟಲಿಗಳನ್ನು ಡಾಕ್ಟರ್ ಹತ್ತಿರ ತೆಗೆದುಕೊಂಡು ಹೋಗುತ್ತೇನೆ, ಫಿಟ್ಸ್ ಔಷಧಿ ನಿಲ್ಲಿಸುವುದಿಲ್ಲ. ಈ ಸಲ ದಾವಣಗೆರೆಯಲ್ಲೇ ಹೆರಿಗೆ ಅಂತ ಯಜಮಾನರು ಒಪ್ಪಿದ್ದಾರೆ. ಒಂದೇ ಒಂದು ಕೇಳುವುದಿದೆ. ಹೋದ ಸಲ ಪೆಟ್ಟು ಯಾವಾಗ ಬಿತ್ತು ಅಂತ ಯಾರೂ ಹೇಳಲಿಲ್ಲ. ಈ ಸಲ ಹಾಗೇನಾದರೂ ಆದರೆ ತಿಳಿದುಕೊಳ್ಳಲು ಏನಾದರೂ ಪರೀಕ್ಷೆ ಇದೆಯಾ?

ಮಕ್ಕಳ ಡಾಕ್ಟರ್, ದಾವಣಗೆರೆ

ಇದೆ. ಮಗು ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿಯ ರಕ್ತ ತೆಗೆದು ಅದರ ಆಮ್ಲೀಯತೆ ನೋಡುತ್ತಾರೆ. ಪಿಎಚ್ 7ಕ್ಕಿಂತ ಕಡಿಮೆ ಬಂದರೆ ಹೆರಿಗೆ ಹತ್ತಿರದಲ್ಲೇ ತೀವ್ರವಾಗಿ ಆಮ್ಲಜನಕ ಕಡಿಮೆಯಾಗಿದೆ ಅಂತ ಅರ್ಥ. ಮೈ ತಣ್ಣಗಿಡಬೇಕಾ ಅನ್ನುವ ನಿರ್ಧಾರಕ್ಕೂ ಅದು ಬೇಕು. ತೊಂದರೆಯಾದ ಮಗುವಿಗೆ ಮೊದಲ ವಾರದಲ್ಲಿ ಎಂಆರ್‌ಐ ಮಾಡಿದರೆ ಪೆಟ್ಟು ಹೊಸದೋ ಹಳೆಯದೋ ಅನ್ನುವ ಸುಳಿವು ಸಿಗುತ್ತದೆ. ಕಸವನ್ನು ಎಸೆಯದೆ ಪೆಥಾಲಜಿಗೆ ಕಳಿಸಿದರೆ ಸೋಂಕು, ರಕ್ತ ಹೆಪ್ಪುಗಟ್ಟಿದ್ದು ತಿಳಿಯುತ್ತದೆ.

ರಕ್ತದ ಪರೀಕ್ಷೆಗೆ ಬ್ಲಡ್ ಗ್ಯಾಸ್ ಮೆಷಿನ್ ಬೇಕು, ಎಲ್ಲ ಕಡೆ ಇರುವುದಿಲ್ಲ. ಹೆರಿಗೆಗೆ ಹೆಸರು ನೋಂದಾಯಿಸುವ ದಿನವೇ ಆಸ್ಪತ್ರೆಯಲ್ಲಿ ಕೇಳಿ, ತಾಯಿ ಕಾರ್ಡ್‌ನಲ್ಲಿ ಹಿಂದಿನ ಮಗುವಿನ ವಿಷಯದ ಪಕ್ಕದಲ್ಲೇ ಇದನ್ನೂ ಬರೆಸಿ. ರಾತ್ರಿ ಪಾಳಿಯಲ್ಲಿ ಯಾರೇ ಇದ್ದರೂ ಅವರ ಕಣ್ಣಿಗೆ ಬೀಳಬೇಕು.